ರಾತ್ರಿ ಪಾಳಿ, ಎಳೆಗೂಸು ಮತ್ತು ಅಡುಗೆಮನೆಯ ಹ್ಯಾಂಡ್‌ಓವರ್ ಪುಸ್ತಕ

ಬಾಣಂತಿಯರ ವಾರ್ಡಿನ ನರ್ಸ್‌ಗೆ ಮಗು ಸಾಕುವುದು ಯಾವ ಲೆಕ್ಕ ಎಂದು ನಮ್ಮ ಬಂಧುಗಳೆಲ್ಲ ಅಂದುಕೊಂಡಿದ್ದರು. ವಾರ್ಡಿನಲ್ಲಾದರೆ ಎಂಟು ಗಂಟೆಗೆ ಪಾಳಿ ಮುಗಿಯುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಬಳ್ಳಾರಿ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನಾನು ಸ್ಟಾಫ್ ನರ್ಸ್. ಬೆಳಿಗ್ಗೆ ಎಂಟರಿಂದ ಎರಡು, ಎರಡರಿಂದ ರಾತ್ರಿ ಎಂಟು, ಆಮೇಲೆ ಬೆಳಗಾಗುವವರೆಗೆ ರಾತ್ರಿ ಪಾಳಿ. 180 ದಿನಗಳ ಹೆರಿಗೆ ರಜೆಯಲ್ಲಿ ಸ್ವಲ್ಪ ಭಾಗ ಹೆರಿಗೆಗೆ ಮುಂಚೆಯೇ ಕರಗಿತ್ತು. ಹಾಗಾಗಿ ಕೆಲಸಕ್ಕೆ ಮರಳಿದಾಗ ಮಗಳಿಗೆ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಆರು ತಿಂಗಳವರೆಗೆ ಎದೆಹಾಲು ಬಿಟ್ಟು ನೀರನ್ನೂ ಕೊಡಬೇಡಿ ಎಂದು ಪ್ರತಿ ಮಂಚದ ಹತ್ತಿರ ನಿಂತು ಹೇಳುವವಳು ನಾನೇ. ಮನೆಯಲ್ಲಿ ಹಸುವಿನ ಹಾಲಿಗೆ ನೀರು ಬೆರೆಸಿ ಕುಡಿಸಲು ಮನಸ್ಸು ಒಪ್ಪಲಿಲ್ಲ.

ಹಾಲು ಹಿಂಡಿಡುವುದೊಂದೇ ದಾರಿ. ಆದರೆ ಪುಸ್ತಕದಲ್ಲಿರುವುದು ತಂಪು ಊರಿನ ಲೆಕ್ಕ: 25 ಡಿಗ್ರಿಯೊಳಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ಮೊದಲನೆಯದನ್ನು ಮರೆತುಬಿಡಬೇಕು. ಕುದಿಯುವ ನೀರಿನಲ್ಲಿ ತೊಳೆದ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಿಂಡಿ, ಸಮಯ ಬರೆದ ಚೀಟಿ ಅಂಟಿಸಿ, ಕೂಡಲೇ ಫ್ರಿಜ್‌ನ ಒಳಭಾಗದಲ್ಲಿ ಇಡುತ್ತಿದ್ದೆ. ಬಾಗಿಲಲ್ಲಿ ಇಡುತ್ತಿರಲಿಲ್ಲ, ತೆರೆದಾಗಲೆಲ್ಲ ಅಲ್ಲಿ ಬಿಸಿ ಬಡಿಯುತ್ತದೆ. ಡ್ಯೂಟಿಯಲ್ಲಿ ಮೂರು ನಾಲ್ಕು ಗಂಟೆಗೊಮ್ಮೆ ಹಿಂಡದಿದ್ದರೆ ಎದೆ ಕಲ್ಲಾಗುತ್ತದೆ, ಹಾಲೂ ಕಡಿಮೆಯಾಗುತ್ತದೆ. ಆ ಹಾಲು ಐಸ್ ಪ್ಯಾಕ್ ತುಂಬಿದ ಸಣ್ಣ ಪೆಟ್ಟಿಗೆಯಲ್ಲಿ ಮನೆಗೆ ಬರುತ್ತಿತ್ತು. ಹಿಂಡಲು ಪ್ರತ್ಯೇಕ ಕೋಣೆ ಎಲ್ಲಿಂದ ಬರಬೇಕು? ಸ್ಟೋರ್ ರೂಮಿನ ಬಾಗಿಲಿಗೆ ಗೆಳತಿಯರು ಕಾವಲು ನಿಲ್ಲುತ್ತಿದ್ದರು.

ಮೊದಲ ದಿನವೇ ಅತ್ತೆ ಡಬ್ಬಿ ತೆರೆದು, “ಹಾಲು ಒಡೆದಿದೆಯಲ್ಲ ತಾಯಿ, ಇದನ್ನೇ ಕೂಸಿಗೆ ಕುಡಿಸಬೇಕೆ?” ಎಂದರು. ತಣ್ಣಗಾದಾಗ ಕೊಬ್ಬು ಮೇಲೆ ತೇಲಿ ಹಾಗೆ ಕಾಣುತ್ತದೆ. ಬಾಯಲ್ಲಿ ವಿವರಿಸಿದರೆ ನಂಬುತ್ತಿರಲಿಲ್ಲ. ಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೆಲ್ಲಗೆ ಅಲುಗಿಸಿ ತೋರಿಸಿದೆ, ಕೊಬ್ಬು ಬೆರೆಯಿತು. ಅತ್ತೆ ಮೂಸಿ ನೋಡಿ, ತಾವೇ ಒಳಲೆಯಲ್ಲಿ ಕುಡಿಸಿದರು. ಬಾಟಲಿಗಿಂತ ಒಳಲೆ ವಾಸಿ ಎಂಬುದರಲ್ಲಿ ನಮ್ಮಿಬ್ಬರಿಗೂ ಮೊದಲಿನಿಂದಲೂ ಒಂದೇ ಮಾತು.

ನನ್ನನ್ನು ನಿಜವಾಗಿ ಉಳಿಸಿದ್ದು ವಾರ್ಡಿನಿಂದ ಮನೆಗೆ ತಂದ ಇನ್ನೊಂದು ಪದ್ಧತಿ. ವಾರ್ಡಿನಲ್ಲಿ ಪಾಳಿ ಬದಲಾಗುವಾಗ ರೋಗಿಗಳನ್ನು ಬರೆದು ಒಪ್ಪಿಸುತ್ತೇವೆ, ಇದೇ ಹ್ಯಾಂಡ್‌ಓವರ್. ಒಪ್ಪಿಕೊಂಡವಳು ‘ನಿನಗೆ ಸಹಾಯ ಮಾಡಿದೆ’ ಎನ್ನುವುದಿಲ್ಲ. ಮುಂದಿನ ಪಾಳಿಯವರೆಗೆ ಅದು ಅವಳದೇ ಹೊಣೆ. ಅಡುಗೆಮನೆಯಲ್ಲಿ ಒಂದು ಉದ್ದ ನೋಟ್‌ಬುಕ್ ನೇತುಹಾಕಿದೆ. ಕೊನೆಯ ಬಾರಿ ಹಾಲು ಕುಡಿದದ್ದು, ಎಷ್ಟು ಸಲ ಉಚ್ಚೆ ಹೊಯ್ದದ್ದು, ಜ್ವರವಿದ್ದರೆ ಎಷ್ಟು, ಯಾವ ಔಷಧ, ಮುಂದಿನದು ಯಾವಾಗ. ನಮ್ಮ ಮನೆಯವರು ಕೌಲ್ ಬಜಾರಿನ ಜೀನ್ಸ್ ಘಟಕವೊಂದರಲ್ಲಿ ಕಟಿಂಗ್ ಮಾಸ್ಟರ್. ಅಳತೆ ತಪ್ಪಿದರೆ ಇಡೀ ಥಾನು ಹಾಳು ಎಂದು ಬಲ್ಲವರು, ಮಗುವಿನ ವಿಷಯದಲ್ಲಿ ಮಾತ್ರ “ನೀನೇ ನೋಡಿಕೋ” ಎನ್ನುತ್ತಿದ್ದರು. ನನ್ನ ರಾತ್ರಿ ಪಾಳಿಯ ವಾರಗಳಲ್ಲಿ ಪುಸ್ತಕ ಅವರ ಕೈಗೆ ಹೋಯಿತು. ಮೊದಮೊದಲು ನಡುರಾತ್ರಿ ಫೋನ್ ಬರುತ್ತಿತ್ತು. ಎರಡು ಹೆರಿಗೆಗಳ ನಡುವೆ ಫೋನ್ ಎತ್ತಲಾಗದ ಒಂದು ರಾತ್ರಿ ಅವರೇ ನಿಭಾಯಿಸಿದರು. ಆಮೇಲೆ ಕರೆಗಳು ತಾವಾಗಿಯೇ ಕಡಿಮೆಯಾದವು.

ರಾತ್ರಿ ಪಾಳಿಯ ನಂತರದ ನಿದ್ದೆಗಾಗಿ ನಾನು ಯಾರ ಕ್ಷಮೆಯನ್ನೂ ಕೇಳಲಿಲ್ಲ. ಬಂದ ಕೂಡಲೇ ಹಾಲು ಕುಡಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದೆ. ಬಿಸಿಲೇರುವ ಮುಂಚೆ ಅತ್ತೆ ಕೂಸನ್ನು ಎತ್ತಿಕೊಂಡು ಕನಕ ದುರ್ಗಮ್ಮನ ಗುಡಿಯ ಕಡೆ ಹೋಗಿಬರುತ್ತಿದ್ದರು. ತಿಂಗಳಿಗಿಷ್ಟು ಎಂದು ಅವರ ಖಾತೆಗೆ ಹಣ ಹಾಕತೊಡಗಿದೆ. ಮನೆಮಂದಿಗೇ ಸಂಬಳವೇ ಎಂದು ನಾದಿನಿ ನಕ್ಕಳು. ಅತ್ತೆ ನಗಲಿಲ್ಲ, ಪಾಸ್‌ಬುಕ್ ತುಂಬಿಸಿಕೊಂಡು ಬಂದರು.

ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ ಕೊಟ್ಟ 180 ದಿನಗಳ ಶಿಶುಪಾಲನಾ ರಜೆಯನ್ನು ನಾನು ಒಂದೇ ಸಲ ಖರ್ಚು ಮಾಡಿಲ್ಲ. ಮಕ್ಕಳ ಕಾಯಿಲೆ ಮೊದಲ ವರ್ಷಕ್ಕೇ ಮುಗಿಯುವುದಿಲ್ಲ ಎಂದು ವಾರ್ಡಿನಲ್ಲಿ ದಿನವೂ ನೋಡುತ್ತೇನೆ.

ಹಿಂದೆ ಬಿದ್ದದ್ದು ಓದು. ಎರಡು ವರ್ಷಗಳ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ನನ್ನ ಜೊತೆಯವರು ಮುಂದೆ ಹೋದರು. ಬೇಸರವಿಲ್ಲ ಎಂದರೆ ಸುಳ್ಳಾಗುತ್ತದೆ. ಮಗಳು ಈಗ ಒಂದನೇ ತರಗತಿ; ನಾನೂ ಅರ್ಜಿ ಹಾಕಿದ್ದೇನೆ. ಸೀಟು ಸಿಕ್ಕರೆ ಮನೆಯವರು ಸಂಜೆ ಬೇಗ ಘಟಕ ಬಿಟ್ಟು ಬರಬೇಕು. ದೀಪಾವಳಿ ಆರ್ಡರ್‌ಗಳ ಸಮಯದಲ್ಲಿ ಅದು ಹೇಗೆ ಎಂಬ ಚರ್ಚೆ ಇನ್ನೂ ನಡೆದಿದೆ.