ಕೋಟೆ ನೋಡಬೇಕಾ? ಎದುರು ಗುಡ್ಡ ಹತ್ತಿ

ಫ್ರಾನ್ಸಿಗೆ ಹೋದ ನಮ್ಮವರು ಸಾಮಾನ್ಯವಾಗಿ ಪ್ಯಾರಿಸ್ ಮುಗಿಸಿ, ಉಳಿದ ಎರಡು ದಿನಕ್ಕೆ ಲುವಾರ್ ನದಿ ಕಡೆಯ ಬಸ್ಸು ಹತ್ತುತ್ತಾರೆ. ಐದಾರು ಅರಮನೆ ನೋಡಿ ಬರುತ್ತಾರೆ. ಮೊದಲ ಸಲ ನಾನೂ ಅದನ್ನೇ ಮಾಡಿದ್ದೆ. ಊರಿಗೆ ಬಂದು ಫೋಟೊ ತೆರೆದರೆ ಯಾವ ಮಂಚ ಯಾವ ಅರಮನೆಯದು ಎಂಬುದೇ ಗೊತ್ತಾಗಲಿಲ್ಲ!

ಎರಡನೇ ಸಲ ಒಂದೇ ಒಂದು ಕಣಿವೆ ಆರಿಸಿಕೊಂಡೆ. ನೈಋತ್ಯ ಫ್ರಾನ್ಸಿನ ದೋರ್ದೋನ್ ನದಿಯ ಕಣಿವೆ. ಪೆರಿಗೋರ್ ಎಂಬುದು ಆ ಸೀಮೆಯ ಹಳೆಯ ಹೆಸರು. ಅಲ್ಲಿ ಕಲಿತದ್ದು ಇಷ್ಟೇ: ಕೋಟೆಯ ಒಳಗೆ ನಿಂತರೆ ಗೋಡೆ ಕಾಣುತ್ತದೆ. ಎದುರಿನ ಗುಡ್ಡದಿಂದ ನೋಡಿದರೆ, ಅದನ್ನು ಯಾಕೆ ಅಲ್ಲೇ ಕಟ್ಟಿದರು ಎಂಬುದು ಕಾಣುತ್ತದೆ. ಕೆಳಗಿನ ಪ್ಲಾನ್ ಪೂರ್ತಿ ನಿಂತಿರುವುದು ಇದರ ಮೇಲೆ.

ಮೊದಲು ಕಾಗದಪತ್ರ, ದಾರಿ

ಬೇಕಾದದ್ದು ಷೆಂಗೆನ್ ವೀಸಾ. ಪ್ರಯಾಣಕ್ಕೆ ಆರು ತಿಂಗಳು ಇರುವಾಗಲೇ ಅರ್ಜಿ ಹಾಕಬಹುದು. ಬೆಂಗಳೂರಿನಲ್ಲೇ ಕೊಡಬಹುದು. 2024ರ ಜೂನ್‌ನಿಂದ ದೊಡ್ಡವರಿಗೆ ಶುಲ್ಕ 90 ಯೂರೊ. ಕನಿಷ್ಠ 30,000 ಯೂರೊ ಮೊತ್ತದ ಪ್ರಯಾಣ ವಿಮೆಯೂ ಇರಬೇಕು.

ಪ್ಯಾರಿಸ್‌ನ ಮೋಂಪಾರ್ನಾಸ್ ನಿಲ್ದಾಣದಿಂದ ಬೋರ್ದೋಗೆ ವೇಗದ ರೈಲಿನಲ್ಲಿ ಎರಡು ಗಂಟೆ ಚಿಲ್ಲರೆ. ಅಲ್ಲಿಂದ ಸಾರ್ಲಾ ಊರಿಗೆ ಸಣ್ಣ ರೈಲು. ಅದು ದ್ರಾಕ್ಷಿ ತೋಟಗಳ ನಡುವೆ ನಿಂತು ನಿಂತು ಹೋಗುತ್ತದೆ, ಎರಡೂವರೆ ಗಂಟೆ ಮೇಲೇ ಹಿಡಿಯುತ್ತದೆ. ಸಾರ್ಲಾದಲ್ಲಿ ನಾಲ್ಕು ರಾತ್ರಿ ಉಳಿಯಿರಿ. ನಾನು ಹೇಳುವ ಜಾಗಗಳೆಲ್ಲ ಅಲ್ಲಿಂದ ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲೇ ಇವೆ. ಬುಧವಾರ, ಶನಿವಾರ ಅಲ್ಲಿ ಸಂತೆ. ಇವೆರಡರಲ್ಲಿ ಒಂದು ದಿನವಾದರೂ ನಿಮ್ಮ ಲೆಕ್ಕದೊಳಗೆ ಬರಲಿ.

ಹೋಗಲು ಮೇ, ಜೂನ್ ಅಥವಾ ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಇಡೀ ಫ್ರಾನ್ಸಿಗೇ ರಜೆ. ಬಿಸಿಲೂ ಜಾಸ್ತಿ, ಜನವೂ ಜಾಸ್ತಿ.

ಬಸ್ಸು ನಂಬಿಕೊಂಡು ಹಳ್ಳಿ ಸುತ್ತುವುದು ಕಷ್ಟ. ಕಾರು ತೆಗೆದುಕೊಂಡರೆ ಎರಡು ವಿಷಯ ನೆನಪಿರಲಿ. ಕೆಂಪು ಅಂಚಿನ ಬಿಳಿ ಹಲಗೆಯಲ್ಲಿ ಊರ ಹೆಸರು ಕಂಡಿತೆಂದರೆ ಅಲ್ಲಿಂದ ಮಿತಿ ಗಂಟೆಗೆ 50 ಕಿ.ಮೀ. ಬೇರೆ ಬೋರ್ಡು ಹಾಕಿರುವುದಿಲ್ಲ. ಅದೇ ಹೆಸರಿನ ಮೇಲೆ ಅಡ್ಡಗೆರೆ ಎಳೆದಿದ್ದರೆ ಊರು ಮುಗಿಯಿತು ಎಂದರ್ಥ. ಇನ್ನು, ಬೋರ್ಡಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವ ಗಾಡಿಗೇ ಮೊದಲ ಹಕ್ಕು, ಅದು ಎಷ್ಟೇ ಸಣ್ಣ ಓಣಿಯಿಂದ ಬರಲಿ.

ಬೆಳಿಗ್ಗೆ ಕಾಸ್ತೆಲ್ನೋ, ಸಂಜೆ ಬೇನಾಕ್

ನದಿಯ ಎರಡು ದಡದಲ್ಲಿ ಎರಡು ಕೋಟೆ, ಒಂದರ ಕಣ್ಣಿಗೆ ಇನ್ನೊಂದು. ದಕ್ಷಿಣದ ದಡದಲ್ಲಿ, ಸೇಯು ಎಂಬ ಸಣ್ಣ ಹೊಳೆ ದೋರ್ದೋನ್ ಸೇರುವ ಜಾಗದ ಮೇಲೆ ಕಾಸ್ತೆಲ್ನೋ. ಉತ್ತರದ ದಡದಲ್ಲಿ, ನೀರಿನಿಂದ ಸುಮಾರು 150 ಮೀಟರ್ ಎತ್ತರದ ಬಂಡೆಯ ತುದಿಯಲ್ಲಿ ಬೇನಾಕ್. 1337ರಿಂದ 1453ರವರೆಗೆ ಎಳೆದ ನೂರು ವರ್ಷದ ಯುದ್ಧದಲ್ಲಿ ಬೇನಾಕ್ ಫ್ರೆಂಚ್ ರಾಜನ ಕಡೆ. ಕಾಸ್ತೆಲ್ನೋ ಬಹುಕಾಲ ಇಂಗ್ಲಿಷರ ಕಡೆ. 1442ರಲ್ಲಿ ಅದು ಫ್ರೆಂಚರ ಕೈಗೆ ಬಂತು. ಅಲ್ಲಿಯವರೆಗೆ ಈ ಎರಡು ಮನೆಯವರು ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ಶತ್ರುವಿನ ಮುಖ.

ಮೊದಲು ಕಾಸ್ತೆಲ್ನೋಗೆ ಹೋಗಿ, ಬಾಗಿಲು ತೆಗೆಯುವ ಹೊತ್ತಿಗೇ. ಕಾರಣ ಸೂರ್ಯ. ಬೇನಾಕ್ ಅಲ್ಲಿಂದ ಉತ್ತರಕ್ಕಿದೆ. ಬೆಳಗಿನ ಬಿಸಿಲು ನಿಮ್ಮ ಬಲಗಡೆಯಿಂದ ಹೋಗಿ ಅದರ ಗೋಡೆಗೆ ಬೀಳುತ್ತದೆ. ಸಂಜೆ ಬೇನಾಕ್‌ನಿಂದ ನೋಡಿದರೆ ಕಾಸ್ತೆಲ್ನೋಗೂ ಹೀಗೇ, ಆಗ ಬಿಸಿಲು ಪಶ್ಚಿಮದಿಂದ.

ಕಾಸ್ತೆಲ್ನೋ ಒಳಗಿರುವುದು ಮಧ್ಯಯುಗದ ಯುದ್ಧದ ಮ್ಯೂಸಿಯಂ. ಕತ್ತಿ, ಕವಚ ಎಲ್ಲ ಸರಿ, ಆದರೆ ನಿಮ್ಮ ಸಮಯವನ್ನು ಹೊರಗಿನ ಕೋಟೆಗೋಡೆಯ ಮೇಲೆ ನಿಲ್ಲಿಸಿರುವ ಕಲ್ಲೆಸೆಯುವ ಯಂತ್ರಕ್ಕೆ ಇಟ್ಟುಕೊಳ್ಳಿ. ಅದರ ಹೆಸರು ಟ್ರೆಬುಶೆ. ಏತ ನೋಡಿದವರಿಗೆ ವಿವರಿಸುವುದೇ ಬೇಡ. ಉದ್ದನೆಯ ಮರದ ತೊಲೆ, ಅದರ ಗಿಡ್ಡ ತುದಿಗೆ ಭಾರ ತುಂಬಿದ ದೊಡ್ಡ ಪೆಟ್ಟಿಗೆ, ಉದ್ದ ತುದಿಗೆ ಕವಣೆ. ಉದ್ದ ತುದಿಯನ್ನು ಹಗ್ಗ ಸುತ್ತಿ ನೆಲಕ್ಕೆ ಎಳೆದು ಕಟ್ಟುತ್ತಾರೆ. ಕೊಕ್ಕೆ ಬಿಟ್ಟರೆ ಪೆಟ್ಟಿಗೆ ಧೊಪ್ಪನೆ ಇಳಿಯುತ್ತದೆ, ತೊಲೆ ಮೇಲೇಳುತ್ತದೆ, ಕವಣೆ ಬಿಚ್ಚಿಕೊಂಡು ಕಲ್ಲು ಹಾರುತ್ತದೆ. ನಮ್ಮಲ್ಲಿ ನೀರೆತ್ತಿದ ಯುಕ್ತಿ ಅಲ್ಲಿ ಗೋಡೆ ಒಡೆಯಲು ಬಳಕೆಯಾಗಿದೆ ಅಷ್ಟೇ.

ಕೆಳಗಿಳಿದು ಸೇತುವೆ ದಾಟಿ ಬೇನಾಕ್‌ಗೆ ನಡೆಯಿರಿ. ಹೋಗಿ ಬರಲು ಎಂಟು ಹತ್ತು ಕಿ.ಮೀ. ಊರು ನದಿಯ ಮಟ್ಟದಲ್ಲಿದೆ, ಕೋಟೆ ತಲೆಯ ಮೇಲೆ. ನಡುವಿನ ಓಣಿಗೆ ಉರುಟು ಕಲ್ಲು ಹಾಸಿದ್ದಾರೆ. ಏರು ಎಷ್ಟಿದೆಯೆಂದರೆ, ಪಕ್ಕದ ಮನೆಯ ಚಾವಣಿ ಹತ್ತು ಹೆಜ್ಜೆಯಲ್ಲಿ ಕಾಲಿನ ಸಮಕ್ಕೆ ಬರುತ್ತದೆ. ಮಂಡಿ ನೋವಿರುವವರು ಕಾರಿನಲ್ಲಿ ಹಿಂಬದಿಯಿಂದ ಮೇಲೆ ಬರಬಹುದು. ಮೇಲಿಂದ ನೋಡಿದರೆ ಬೆಳಿಗ್ಗೆ ನೀವು ನಿಂತಿದ್ದ ಗೋಡೆ ಸಂಜೆ ಬಿಸಿಲಿಗೆ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ.

ಈ ನೋಟಕ್ಕಾಗಿ ಜನ ಕೋರ್ಟಿಗೂ ಹೋಗಿದ್ದಾರೆ. ಬೇನಾಕ್ ಊರಿನ ಟ್ರಾಫಿಕ್ ತಪ್ಪಿಸಲು ಬೈಪಾಸ್ ರಸ್ತೆ, ಸೇತುವೆಗಳ ಕೆಲಸ ಶುರುವಾಗಿತ್ತು. 2018ರ ಡಿಸೆಂಬರ್‌ನಲ್ಲಿ ಅಲ್ಲಿನ ಉನ್ನತ ಆಡಳಿತ ನ್ಯಾಯಾಲಯ ಅದನ್ನು ನಿಲ್ಲಿಸಿತು. ಊರಿನೊಳಗೆ ಲಾರಿ ಸಿಕ್ಕಿಕೊಂಡಾಗ ಕಾಯುವವರ ಸಂಕಟವೂ ಸುಳ್ಳಲ್ಲ ಬಿಡಿ.

ಬಣ್ಣದ ಗೆರೆ ಓದಲು ಕಲಿಯಿರಿ

ಕಾಲುದಾರಿ ಹಿಡಿಯುವ ಮುಂಚೆ ಇದೊಂದು ಪಾಠ ಆಗಲೇಬೇಕು. ಫ್ರಾನ್ಸಿನ ದಾರಿಗಳಿಗೆ ಮರ, ಕಲ್ಲು, ವಿದ್ಯುತ್ ಕಂಬದ ಮೇಲೆ ಬಳಿದ ಗೆರೆಗಳೇ ಗುರುತು. ಬಿಳಿ ಕೆಳಗೆ ಕೆಂಪು ಇದ್ದರೆ ಅದು ಜಿ.ಆರ್., ಅಂದರೆ ದಿನಗಟ್ಟಲೆ ಸಾಗುವ ಉದ್ದ ದಾರಿ. ಈ ಕಣಿವೆಯಲ್ಲಿ ಸಿಗುವುದು ಜಿ.ಆರ್. 64. ಹಳದಿ ಕೆಳಗೆ ಕೆಂಪು ಇದ್ದರೆ ಒಂದು ಸೀಮೆ ಸುತ್ತುವ ದಾರಿ. ಬರೀ ಹಳದಿ ಗೆರೆ ಇದ್ದರೆ ಅರ್ಧ ದಿನದಲ್ಲೋ ಒಂದು ದಿನದಲ್ಲೋ ಮುಗಿಸುವ ಸಣ್ಣ ದಾರಿ. ನಮಗೆ ಬೇಕಾದದ್ದು ಇದೇ. ಗೆರೆ ಬಾಗಿ ಬಾಣದಂತಿದ್ದರೆ ಆ ಕಡೆ ತಿರುಗಿ. ಎರಡು ಗೆರೆ ಕತ್ತರಿಯ ಹಾಗೆ ಒಂದನ್ನೊಂದು ದಾಟಿದ್ದರೆ ಆ ದಾರಿ ನಿಮ್ಮದಲ್ಲ, ಹಿಂದೆ ಬನ್ನಿ.

ಹಳದಿ ಕಂಡಿತಲ್ಲ ಎಂದು ಒಂದು ಕತ್ತರಿ ಗುರುತನ್ನು ಲೆಕ್ಕಿಸದೆ ನಾನು ಮುಂದೆ ಹೋಗಿದ್ದೆ. ಅರ್ಧ ಗಂಟೆ ನಡೆದ ಮೇಲೆ ಯಾರದೋ ಅಕ್ರೋಟ್ ತೋಟದ ನಡುವೆ ನಿಂತಿದ್ದೆ. ಬೇಲಿಯಾಚೆ ನಾಯಿ. ವಾಪಸ್ ಬರುವಷ್ಟರಲ್ಲಿ ಎರಡೂಕಾಲು. ಹಳ್ಳಿಯ ಹೋಟೆಲಿನವರು ಕುರ್ಚಿ ಎತ್ತಿ ಮೇಜಿನ ಮೇಲಿಡುತ್ತಿದ್ದರು. ಅಲ್ಲಿ ಮಧ್ಯಾಹ್ನದ ಊಟ ಹನ್ನೆರಡರಿಂದ ಎರಡು. ಅದು ತಪ್ಪಿದರೆ ರಾತ್ರಿ ಏಳರವರೆಗೆ ಉಪವಾಸ.

ಐ.ಜಿ.ಎನ್. ಎಂಬ ಸರ್ಕಾರಿ ಸಂಸ್ಥೆಯ 1:25,000 ನಕ್ಷೆ ಕೊಳ್ಳಿ. ಅದರಲ್ಲಿ ನಾಲ್ಕು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಒಂದು ಕಿಲೋಮೀಟರ್, ಲೆಕ್ಕ ಸುಲಭ. ಕಾಡಿನಲ್ಲಿ ಉಣ್ಣೆ ಹುಳುವಿನ ಕಾಟ ಇದೆ, ಉದ್ದ ಪ್ಯಾಂಟ್ ಹಾಕಿ. ರಾತ್ರಿ ಮೊಣಕಾಲ ಹಿಂದೆ ಒಮ್ಮೆ ನೋಡಿಕೊಳ್ಳಿ. ಸೆಪ್ಟೆಂಬರ್‌ನಿಂದ ಚಳಿಗಾಲ ಮುಗಿಯುವವರೆಗೆ ಬೇಟೆಯ ಕಾಲ, ಎದ್ದು ಕಾಣುವ ಬಣ್ಣದ ಅಂಗಿ ಒಳ್ಳೆಯದು. ನಲ್ಲಿಯ ಮೇಲೆ 'ನೋಂ ಪೋತಾಬ್ಲ್' ಎಂದಿದ್ದರೆ ಆ ನೀರು ಕುಡಿಯಬೇಡಿ. ತುರ್ತಿಗೆ ಫೋನ್ ನಂಬರ್ 112.

ಮೇಲಿಂದ ನೋಡಲು ಎರಡು ಜಾಗ

ಒಂದು ಮಾರ್ಕೆಸಾಕ್. ನದಿಯ ಮೇಲೆ 130 ಮೀಟರ್ ಎತ್ತರದ ಬಂಡೆಯ ತುದಿಯವರೆಗೆ ಹಬ್ಬಿದ ತೋಟ. ಒಂದೂವರೆ ಲಕ್ಷ ಬಾಕ್ಸ್‌ವುಡ್ ಗಿಡಗಳನ್ನು ಗುಂಡಗೆ, ಕುರಿ ಮಂದೆ ಮಲಗಿದ ಹಾಗೆ ಕತ್ತರಿಸಿದ್ದಾರೆ. ಒಳಗಿನ ದಾರಿಗಳೇ ಆರು ಕಿ.ಮೀ. ಇದು ಎರಡು ಕೋಟೆಗಳ ನಡುವಿನ ಜಾಗ, ಎರಡೂ ಕಾಣುತ್ತವೆ.

ಇನ್ನೊಂದು ದೋಮ್. ಇದು 1281ರಲ್ಲಿ ರಾಜ ಮೂರನೇ ಫಿಲಿಪ್ ಗುಡ್ಡದ ಮೇಲೆ ಕಟ್ಟಿಸಿದ ಕೋಟೆಯೂರು. ನೋಟದ ಕಟ್ಟೆಗೆ ದುಡ್ಡು ಕೊಡಬೇಕಾಗಿಲ್ಲ. ಸುಮ್ನೆ ಹೋಗಿ ಕುಳಿತರೆ ಕೆಳಗೆ ಗದ್ದೆ, ಅಕ್ರೋಟ್ ಸಾಲು, ನದಿಯ ತಿರುವು.

ಬಂಡೆಗೆ ಬೆನ್ನು ಕೊಟ್ಟು ನಿಂತ ಲಾ ರೋಕ್ ಗಜಾಕ್ ದಾರಿಯಲ್ಲೇ ಸಿಗುತ್ತದೆ. ಚೆಂದದ ಊರು. ಆದರೆ 1957ರಲ್ಲಿ ಆ ಬಂಡೆಯ ಒಂದು ಭಾಗವೇ ಕುಸಿದು ಮನೆಗಳ ಮೇಲೆ ಬಿದ್ದು ಜನ ಸತ್ತಿದ್ದರು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ

ಇದು ಬಾತುಕೋಳಿಯ ಸೀಮೆ. ಹೋಟೆಲಿನಲ್ಲಿ ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆ ನೋಡಿ ಖುಷಿಯಾಗಬೇಡಿ. ಸಾರ್ಲಾ ಹೆಸರಿನ ಆ ಆಲೂಗಡ್ಡೆಯನ್ನು ಹುರಿಯುವುದೇ ಬಾತುಕೋಳಿಯ ಕೊಬ್ಬಿನಲ್ಲಿ. ಪೆರಿಗೋರ್ ಸಲಾಡ್ ಎಂದರೆ ಅದರಲ್ಲೂ ಮಾಂಸ. 'ಸಾನ್ ವಿಯಾಂದ್' (ಮಾಂಸ ಬೇಡ) ಎಂದರೆ ಸಾಲದು, 'ಸಾನ್ ಗ್ರೆಸ್ ದ ಕನಾರ್' (ಬಾತುಕೋಳಿ ಕೊಬ್ಬು ಬೇಡ) ಎಂದೂ ಸೇರಿಸಿ. ಅದಕ್ಕೂ ಮುಂಚೆ, ಒಳಗೆ ಕಾಲಿಟ್ಟ ಕೂಡಲೇ 'ಬೋನ್‌ಜೂರ್' ಹೇಳಿ. ಅದು ಹೇಳದೆ ನೇರ ವಿಷಯಕ್ಕೆ ಬಂದರೆ ಅಲ್ಲಿ ಒರಟುತನ.

ನಾನು ಸಂತೆಯಲ್ಲೇ ಬುತ್ತಿ ಕಟ್ಟಿಸಿಕೊಂಡೆ. ಅಕ್ರೋಟ್ ಹಾಕಿದ ಬ್ರೆಡ್ಡು, ಕಾಬೆಕು ಎಂಬ ಸಣ್ಣ ಬಿಲ್ಲೆಯಂಥ ಮೇಕೆ ಹಾಲಿನ ಚೀಸು, ಮೇ ತಿಂಗಳಾದ್ದರಿಂದ ಸ್ಟ್ರಾಬೆರಿ. ಜತೆಗೆ ಊರಿಂದ ತಂದ ಚಟ್ನಿಪುಡಿ. ಮೇಕೆ ಚೀಸಿಗೆ ಶೇಂಗಾ ಚಟ್ನಿಪುಡಿ ಎಷ್ಟು ಹೊಂದುತ್ತದೆ ಎಂದು ಆ ಊರಿನವರಿಗೆ ಇನ್ನೂ ಗೊತ್ತಿಲ್ಲ.

ಕೊನೆಯ ದಿನ ನೀರಿಗಿಳಿಯಿರಿ

ಬಾಡಿಗೆಗೆ ಕನೂ ದೋಣಿ ಸಿಗುತ್ತವೆ. ದೋಮ್ ಬುಡದ ಸೆನಾಕ್ ಊರಿನಲ್ಲಿ ಹತ್ತಿದರೆ ಬೇನಾಕ್‌ವರೆಗೆ ಒಂಬತ್ತು ಕಿ.ಮೀ. ಆಸುಪಾಸು. ಹೊಳೆಯೇ ಒಯ್ಯುತ್ತದೆ, ನಿಧಾನಕ್ಕೆ ಹೋದರೆ ಎರಡು ಮೂರು ಗಂಟೆ. ಈಜು ಬರಬೇಕು, ಲೈಫ್ ಜಾಕೆಟ್ ತೆಗೆಯಬಾರದು. ಫೋನು, ಪಾಸ್‌ಪೋರ್ಟ್ ಇಡಲು ಮುಚ್ಚಳದ ಪ್ಲಾಸ್ಟಿಕ್ ಡಬ್ಬ ಕೊಡುತ್ತಾರೆ, ತಿರುಗಿಸಿ ಗಟ್ಟಿಯಾಗಿ ಮುಚ್ಚಿ. ಮೊದಲು ಲಾ ರೋಕ್ ಗಜಾಕ್, ಆಮೇಲೆ ಎಡಕ್ಕೆ ಕಾಸ್ತೆಲ್ನೋ, ಬಲಕ್ಕೆ ಮಾರ್ಕೆಸಾಕ್ ಬಂಡೆ. ಕೊನೆಗೆ ಬೇನಾಕ್ ಕೋಟೆಯ ನೇರ ಕೆಳಗೆ. ಅಲ್ಲಿ ಹುಟ್ಟು ಮಡಿಲಲ್ಲಿಟ್ಟು ಕತ್ತೆತ್ತಿ. ದಡಕ್ಕೆ ಬಂದರೆ ಬಾಡಿಗೆಯವರ ವ್ಯಾನು ಕಾಯುತ್ತಿರುತ್ತದೆ, ಒದ್ದೆ ಬಟ್ಟೆಯಲ್ಲೇ ಹತ್ತಿಸಿಕೊಳ್ಳುತ್ತಾರೆ.