ಮರಳಚ್ಚಿನ ತೇವ: ನನ್ನ ಅನುಭವ

ತಿಪಟೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡಿಕೊಂಡಿರುವ ನಾನು, ಬೇಕಾದ ಅಳತೆಯ ಪುಲ್ಲಿ ಅಂಗಡಿಯಲ್ಲಿ ಸಿಗದಿದ್ದಾಗ ಅದನ್ನು ಹಿತ್ತಿಲಿನಲ್ಲಿಯೇ ಎರಕ ಹೊಯ್ದುಕೊಳ್ಳಲು ಆರಂಭಿಸಿದೆ. ಉರುವಲಿಗೆ ನಮ್ಮೂರಿನಲ್ಲಿ ಕೊರತೆಯಿಲ್ಲ. ತೆಂಗಿನ ಚಿಪ್ಪಿನ ಇದ್ದಿಲಿಗೆ ಬ್ಲೋವರ್‌ನಿಂದ ಗಾಳಿ ಕೊಟ್ಟರೆ, 660 ಡಿಗ್ರಿ ಸೆಲ್ಸಿಯಸ್‌ಗೆ ಕರಗುವ ಅಲ್ಯೂಮಿನಿಯಂ ಮೂಸೆಯಲ್ಲಿ, ಅಂದರೆ ಲೋಹ ಕರಗಿಸುವ ಪಾತ್ರೆಯಲ್ಲಿ, ಬೇಗನೆ ನೀರಾಗುತ್ತದೆ. ಲೋಹಕ್ಕೆ ಹಳೆಯ ಪಿಸ್ಟನ್‌ಗಳೇ ಮೇಲು. ತಂಪುಪಾನೀಯದ ಡಬ್ಬಿಗಳನ್ನು ಕರಗಿಸಿದರೆ ಮೇಲೆ ತೇಲುವ ಕಲ್ಮಶವಾದ ಕಿಟ್ಟ ತೆಗೆಯುವುದೇ ಕೆಲಸವಾಗುತ್ತದೆ.

ನಾನು ಪೆಟ್ಟು ತಿಂದು ಕಲಿತದ್ದು ಅಚ್ಚಿನ ತೇವದ ವಿಷಯವನ್ನು. ಜರಡಿ ಹಿಡಿದ ಸಣ್ಣ ಮರಳಿಗೆ ಕೆರೆಯ ಜೇಡಿಮಣ್ಣಿನ ಪುಡಿ ಬೆರೆಸಿ, ಎರಡು ಮರದ ಚೌಕಟ್ಟುಗಳ ನಡುವೆ ಪುಲ್ಲಿಯ ಮಾದರಿಯನ್ನಿಟ್ಟು ದಮ್ಮಸು ಮಾಡಿ, ಮಾದರಿಯನ್ನು ತೆಗೆದು ಉಳಿದ ಟೊಳ್ಳಿಗೆ ಲೋಹ ಹೊಯ್ಯುತ್ತಿದ್ದೆ. ಎರಡನೆಯ ಎರಕದ ದಿನ ಅಂಚು ಉದುರುತ್ತಿದೆಯೆಂದು ಇನ್ನೊಂದು ಚೊಂಬು ನೀರು ಚಿಮುಕಿಸಿದೆ. ಲೋಹ ಹೊಯ್ದ ಕ್ಷಣದಲ್ಲಿ ಅಚ್ಚಿನ ಬಾಯಿಯೊಳಗೆ ಗೊಳಗೊಳ ಸದ್ದು ಕೇಳಿಸಿತು, ಮರುಕ್ಷಣವೇ ಲೋಹ ಮೇಲಕ್ಕೆ ಉಗುಳಿತು. ಹವಾಯಿ ಚಪ್ಪಲಿಯ ಪಟ್ಟಿಯ ಪಕ್ಕದಲ್ಲಿ ಬಿದ್ದ ಹನಿಯ ಕಲೆ ಇಂದಿಗೂ ನನ್ನ ಪಾದದ ಮೇಲಿದೆ. ನೀರು ಆವಿಯಾದಾಗ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಹೊರಬರಲು ದಾರಿಯಿಲ್ಲದಿದ್ದರೆ ಅದು ಲೋಹವನ್ನೇ ತಳ್ಳಿಕೊಂಡು ಬರುತ್ತದೆ.

ಈಗ ಮರಳನ್ನು ಮುಷ್ಟಿಯಲ್ಲಿ ಹಿಸುಕಿ ನೋಡುತ್ತೇನೆ. ಬೆರಳಿನ ಗುರುತು ಉಳಿಯಬೇಕು, ಮುರಿದರೆ ನೀಟಾಗಿ ಎರಡು ತುಂಡಾಗಬೇಕು, ಅಂಗೈ ಮಾತ್ರ ಒದ್ದೆಯಾಗಬಾರದು. ಮೇಲಿನ ಚೌಕಟ್ಟಿನ ಮರಳಿಗೆ ಸೈಕಲ್ ಕಡ್ಡಿಯಿಂದ ಮಾದರಿಗೆ ತಾಗದಷ್ಟು ಆಳಕ್ಕೆ ಹತ್ತಾರು ತೂತು ಚುಚ್ಚುತ್ತೇನೆ. ಕಿಟ್ಟ ತೆಗೆಯುವ ಸೌಟನ್ನೂ, ಉಳಿದ ಲೋಹವನ್ನು ಸುರಿಯುವ ಕಬ್ಬಿಣದ ತಟ್ಟೆಯನ್ನೂ ಕುಲುಮೆಯ ಅಂಚಿನಲ್ಲಿ ಕಾಯಿಸದೆ ಬಳಸುವುದಿಲ್ಲ, ಏಕೆಂದರೆ ತುಕ್ಕಿನಲ್ಲಿ ಅಡಗಿದ ತೇವವೂ ಸಿಡಿಯಲು ಸಾಕು. ಸಿಮೆಂಟ್ ನೆಲದ ಮೇಲೆ ಹೊಯ್ಯುವುದಂತೂ ಬೇಡವೇ ಬೇಡ. ಕಾದ ಲೋಹ ಚೆಲ್ಲಿದರೆ ಕಾಂಕ್ರೀಟು ಚಕ್ಕೆಯೆದ್ದು ಹಾರುತ್ತದೆ. ಒಣ ಮರಳಿನ ಹಾಸಿನ ಮೇಲೆ, ಬಯಲಿನಲ್ಲಿ, ಮುಖಕ್ಕೆ ಶೀಲ್ಡ್, ಕೈಗೆ ಚರ್ಮದ ಗವಸು ಹಾಕಿಕೊಂಡು, ಹತ್ತಿಯ ಪ್ಯಾಂಟಿನ ಕಾಲನ್ನು ಚರ್ಮದ ಬೂಟಿನ ಮೇಲೆ ಇಳಿಬಿಟ್ಟು ಹೊಯ್ಯುತ್ತೇನೆ. ನೀರಿನ ಬಕೆಟ್ಟು ದೂರವಿರುತ್ತದೆ, ಅದು ಸುಟ್ಟ ಚರ್ಮಕ್ಕೆ ಮಾತ್ರ.

ಹಿತ್ತಾಳೆಯ ತಂಟೆಗೆ ನಾನು ಹೋಗಿಲ್ಲ. ಅದರಲ್ಲಿರುವ ಸತು ಆ ಶಾಖಕ್ಕೆ ಬಿಳಿ ಹೊಗೆಯಾಗಿ ಏಳುತ್ತದೆ, ಅದನ್ನು ಉಸಿರಾಡಿದವರಿಗೆ ಚಳಿಜ್ವರ ಬರುತ್ತದೆ.

ಹೊಯ್ದ ಬಳಿಕ ಒಂದು ಗಂಟೆ ಅಚ್ಚನ್ನು ಬಿಚ್ಚುವುದಿಲ್ಲ. ಬಿಸಿ ಅಲ್ಯೂಮಿನಿಯಂ ಹಗಲಿನಲ್ಲಿ ಕೆಂಪಗೆ ಕಾಣದೆ ತಣ್ಣಗಿರುವಂತೆಯೇ ಹೊಳೆಯುವುದರಿಂದ, ಪುಲ್ಲಿಯನ್ನು ಆಗಲೂ ಇಕ್ಕಳದಲ್ಲಿಯೇ ಎತ್ತುತ್ತೇನೆ.