ಘನ ಮೀಟರಿನಿಂದ ಕಿಲೋಗೆ: ಮಡಿಕೇರಿಯ ಗಾಳಿಗೆ ತೂಕ ಕಡಿಮೆ

ಘಟ್ಟದ ಕೆಳಗೆ ಚೆನ್ನಾಗಿ ಓಡುತ್ತಿದ್ದ ಬ್ಲೋವರನ್ನು ಮಡಿಕೇರಿಯ ತೋಟಕ್ಕೆ ತಂದು, ಡ್ರೈಯರಿನಲ್ಲಿ ಕಾಫಿ ಒಣಗುತ್ತಿಲ್ಲವೆಂದು ಬೆಲ್ಟ್ ಬದಲಿಸುವವರು ಪ್ರತಿ ಕೊಯ್ಲಿನಲ್ಲೂ ಸಿಗುತ್ತಾರೆ. ಯಂತ್ರ ಸರಿಯಾಗಿಯೇ ಇರುತ್ತದೆ. ಲೆಕ್ಕ ಮಾತ್ರ ಸಮುದ್ರಮಟ್ಟದ್ದು.

ಸೂತ್ರ ಒಂದೇ: ಹರಿಯುವ ಗಾತ್ರವನ್ನು ಸಾಂದ್ರತೆಯಿಂದ (ಒಂದು ಘನ ಮೀಟರಿನ ತೂಕದಿಂದ) ಗುಣಿಸಿದರೆ ಹರಿಯುವ ತೂಕ. ತೂಕದಿಂದ ಗಾತ್ರ ಬೇಕೆಂದರೆ ಭಾಗಿಸಿ. ನಿಮಿಷಕ್ಕೆ ಇಷ್ಟು ಲೀಟರ್ ಎಂದಿದ್ದರೆ ಮೊದಲು 0.06ರಿಂದ ಗುಣಿಸಿ, ಗಂಟೆಗೆ ಎಷ್ಟು ಘನ ಮೀಟರ್ ಎಂದು ಮಾಡಿಕೊಳ್ಳಿ.

ದ್ರವಗಳಲ್ಲಿ ಕಷ್ಟವಿಲ್ಲ, ಎಲ್ಲವನ್ನೂ ನೀರೆಂದುಕೊಳ್ಳಬೇಡಿ, ಅಷ್ಟೆ. ಲೀಟರ್ ಡೀಸೆಲ್ ಸುಮಾರು 0.83 ಕಿಲೋ, ಜೇನುತುಪ್ಪ 1.4 ಕಿಲೋ. ನಿಮಿಷಕ್ಕೆ 5 ಲೀಟರ್ ಜೇನು ತಳ್ಳುವ ಪಂಪು 7 ಕಿಲೋ ತಳ್ಳುತ್ತದೆ. ಮೊಬೈಲಿನ ಪರಿವರ್ತಕಗಳಲ್ಲಿ ಕೆಲವು ಯಾವ ದ್ರವ ಎಂದೂ ಕೇಳದೆ ಉತ್ತರ ಕೊಡುತ್ತವೆ, ಅವನ್ನು ಅಳಿಸಿಹಾಕಿ. ನನ್ನ ಕೇಳಿದರೆ, 10 ಲೀಟರ್ ಅಳೆದು ತಕ್ಕಡಿಗಿಡುವುದೇ ಲೇಸು. ನೊರೆ ಇಳಿದ ಮೇಲೆ ಅಳೆಯಿರಿ, ಪಾತ್ರೆಯ ತೂಕ ಕಳೆಯಲು ಮರೆಯಬೇಡಿ.

ಎಡವುವುದು ಗಾಳಿಯ ಲೆಕ್ಕದಲ್ಲಿ. ಗಾಳಿಯ ಸಾಂದ್ರತೆ ಒತ್ತಡ, ಉಷ್ಣತೆ ಎರಡಕ್ಕೂ ಬದಲಾಗುತ್ತದೆ. ಪ್ಯಾಸ್ಕಲ್‌ನಲ್ಲಿರುವ ಒತ್ತಡವನ್ನು 287ರಿಂದ ಭಾಗಿಸಿ, ಬಂದದ್ದನ್ನು ಉಷ್ಣತೆಯಿಂದ ಮತ್ತೆ ಭಾಗಿಸಬೇಕು. ಉಷ್ಣತೆ ಎಂದರೆ ಥರ್ಮಾಮೀಟರಿನ ಸೆಲ್ಸಿಯಸ್‌ಗೆ 273 ಕೂಡಿಸಿದ್ದು. 293ರ ಬದಲು 20ನ್ನು ಹಾಗೇ ಹಾಕಿ, ಗಾಳಿ ಘನ ಮೀಟರಿಗೆ 15 ಕಿಲೋ ಎಂದು ಬರೆದುಕೊಂಡವರನ್ನು ನೋಡಿದ್ದೇನೆ.

ಒತ್ತಡವನ್ನು ಎಲ್ಲಿಂದ ತರುವುದು? ಫೋನಿನ ಹವಾಮಾನ ಆ್ಯಪ್‌ನಿಂದ ಬೇಡ. ಅದು ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡವನ್ನು ತೋರಿಸುತ್ತದೆ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಗೆ 88,200 ಪ್ಯಾಸ್ಕಲ್ ಹಿಡಿಯಿರಿ. ಆಗ 20 ಡಿಗ್ರಿಯಲ್ಲಿ ಘನ ಮೀಟರಿಗೆ 1.05 ಕಿಲೋ ಬರುತ್ತದೆ. ಕಡಲ ತೀರದಲ್ಲಿ 1.2. ಗಂಟೆಗೆ 1,000 ಘನ ಮೀಟರ್ ಊದುವ ಬ್ಲೋವರಿನಿಂದ ಇಲ್ಲಿ 150 ಕಿಲೋ ಗಾಳಿ ಖೋತಾ. ಅದನ್ನು ತುಂಬಿಕೊಳ್ಳಲು ಸುಮಾರು 1,143 ಘನ ಮೀಟರ್ ಬೇಕು. ಗಾಳಿ ಕಾಯಿಸುವ ಕಡೆ ಅಳೆದಿದ್ದರೆ ಅಲ್ಲಿಯ ಬಿಸಿಯನ್ನೇ ಹಾಕಿ: 50 ಡಿಗ್ರಿಗೆ 0.95 ಕಿಲೋಗೆ ಇಳಿಯುತ್ತದೆ. ಮಳೆಗಾಲದ ತೇವದಿಂದ 20 ಡಿಗ್ರಿಯಲ್ಲಿ ಆಗುವ ವ್ಯತ್ಯಾಸ ಶೇ 1ರಷ್ಟು. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಕಂಪ್ರೆಸರ್ ಗೇಜ್ ಹೊರಗಿನ ಗಾಳಿಗಿಂತ ಎಷ್ಟು ಹೆಚ್ಚು ಒತ್ತಡ ಎಂದಷ್ಟೇ ಹೇಳುತ್ತದೆ. ಅದು 6 ಬಾರ್ (1 ಬಾರ್ ಎಂದರೆ 1,00,000 ಪ್ಯಾಸ್ಕಲ್) ತೋರಿಸಿದರೆ ಅದಕ್ಕೆ ಹೊರಗಿನ 0.88 ಕೂಡಿಸಿ 6.88 ಎಂದು ಲೆಕ್ಕ ಹಾಕಿ.

ಯಂತ್ರಕ್ಕೆ ಅಂಟಿಸಿದ ವಿವರದ ತಗಡಿನ ಮೇಲೆ ‘ನಾರ್ಮಲ್’ ಘನ ಮೀಟರ್ ಎಂದಿದ್ದರೆ ಮೇಲಿನ ಯಾವುದೂ ಬೇಡ. ಅದು 0 ಡಿಗ್ರಿ, ಸಮುದ್ರಮಟ್ಟದ ಒತ್ತಡಕ್ಕೆ ಇಳಿಸಿದ ಅಂಕಿ, ನೇರವಾಗಿ 1.293ರಿಂದ ಗುಣಿಸಿ. ಬರೀ ಘನ ಮೀಟರ್ ಎಂದಿದ್ದರೆ, ಯಾವುದು ಎಂದು ದುಡ್ಡು ಕೊಡುವ ಮೊದಲೇ ಮಾರುವವರಿಂದ ಬರೆಸಿಕೊಳ್ಳಿ.